ಬೆಣಚಿನ ಕಣವೂ ಕಾರಿನ ಮುಂಗಾಜೂ

ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಸಾಗುವ ಮಾರ್ಗದಲ್ಲಿ ಬೇಸಗೆಯ ದಿನಗಳಲ್ಲಿ ಕಾರಿನ ಮುಂಗಾಜಿನ ಮೇಲೆ ಕೆಮ್ಮಣ್ಣಿನ ಧೂಳು ಕವಿದು ಕುಳಿತಿರುತ್ತದೆ. ಮಳೆಗಾಲದಲ್ಲಿ ಕಾವೇರಿಯು ತುಂಬಿ ಬಂದು ಗಗನಚುಕ್ಕಿಯ ಬಂಡೆಗಳ ಮೇಲಿಂದ ಧುಮುಕುವಾಗ ಏಳುವ ತುಂತುರು ಗಾಳಿಯೊಡನೆ ಹಾರಿಬಂದು ಅದೇ ಗಾಜನ್ನು ತೋಯಿಸುತ್ತದೆ. ಧೂಳೂ ನೀರೂ ಕೂಡಿದಾಗ ಚಾಲಕನು ವೈಪರನ್ನು ಓಡಿಸುತ್ತಾನೆ. ರಬ್ಬರಿನ ಆ ಪಟ್ಟಿಯು ಕೆಸರನ್ನು ಒರಸುವುದರ ಜೊತೆಗೆ, ಅದರೊಳಗಿನ ಮರಳಿನ ಕಣಗಳನ್ನು ಗಾಜಿಗೆ ಒತ್ತಿ ಅತ್ತಿಂದಿತ್ತ ಎಳೆದಾಡುತ್ತದೆ. ಕಾರಿನ ಮುಂಗಾಜನ್ನು ಪ್ಲಾಸ್ಟಿಕ್ಕಿನಿಂದ ಏಕೆ ಮಾಡಬಾರದು ಎಂದು ಕೇಳುವವರು ಮೊದಲು ಗಮನಿಸತಕ್ಕದ್ದು ಈ ಉಜ್ಜುವಿಕೆಯನ್ನೇ.

ಪ್ರಶ್ನೆಯೇನೋ ನ್ಯಾಯವಾದುದು. ಗಾಜು ಭಾರವಾದ, ಭಂಗುರವಾದ ದ್ರವ್ಯ. ಲಾರಿಯ ಚಕ್ರದಿಂದ ಸಿಡಿದ ಒಂದು ಜಲ್ಲಿಯ ಚೂರು ಸಾಕು, ಅದರಲ್ಲಿ ಬಿರುಕು ಮೂಡಲು. ಅದರ ಬದಲಿಗೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಉಂಟು. 1953ರಲ್ಲಿ ಜರ್ಮನಿಯ ಬಾಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಎಂಬವರೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್ ಎಂಬವರೂ, ಒಬ್ಬರನ್ನೊಬ್ಬರು ಅರಿಯದೆಯೇ, ಅದನ್ನು ಸಿದ್ಧಪಡಿಸಿದರು. ಪಾಲಿಕಾರ್ಬೊನೇಟ್ ಗಾಜಿನಷ್ಟೇ ಎನ್ನಬಹುದಾದ ಪಾರದರ್ಶಕತೆಯುಳ್ಳದ್ದು, ಸುತ್ತಿಗೆಯಿಂದ ಹೊಡೆದರೂ ಸುಲಭವಾಗಿ ಒಡೆಯದು, ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟಾದರೆ ಇದರದು 1.2 ಪಟ್ಟು ಮಾತ್ರ. ಇಂತಹ ದ್ರವ್ಯವು ಕೈಗೆ ಬಂದು ಏಳು ದಶಕಗಳು ಸಂದರೂ ಮುಂಗಾಜು ಗಾಜಾಗಿಯೇ ಉಳಿದಿರುವುದಕ್ಕೆ ಕಾರಣವಿರಲೇಬೇಕು.

ಆ ಕಾರಣದ ಬಹುಭಾಗವು ಕಾವೇರಿಯ ಪಾತ್ರದಲ್ಲಿಯೇ ಬಿದ್ದಿದೆ. ಈ ಸೀಮೆಯ ಗ್ರಾನೈಟ್ ಜಾತಿಯ ಶಿಲೆಗಳು ಬಿಸಿಲು ಮಳೆಗಳಿಗೆ ಶಿಥಿಲವಾಗಿ ಪುಡಿಯಾಗುವಾಗ, ಅವುಗಳ ಇತರ ಖನಿಜಗಳು ಕಾಲಕ್ರಮದಲ್ಲಿ ಜೇಡಿಯಾಗಿ ಕರಗಿಹೋದರೂ, ಬೆಣಚುಕಲ್ಲಿನ ಕಣಗಳು ಮಾತ್ರ ಹಾಗೆಯೇ ಉಳಿದು ಮರಳಾಗುತ್ತವೆ. ಹೊಳೆಯು ಆ ಮರಳನ್ನೇ ಆಯುಧವಾಗಿ ಹಿಡಿದು, ಸುಳಿಸುಳಿದು, ಬಂಡೆಗಳಲ್ಲಿ ಕುಳಿಗಳನ್ನು ಕೊರೆಯುತ್ತದೆ. ಬರಿಯ ನೀರಿಗೆ ಆ ಶಕ್ತಿಯಿಲ್ಲ. ಖನಿಜಗಳ ಕಾಠಿಣ್ಯವನ್ನು ಅಳೆಯಲು ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಶ್ರೇಣಿಯಲ್ಲಿ ವಜ್ರಕ್ಕೆ 10, ಬೆಣಚಿಗೆ 7. ಕಿಟಕಿಯ ಗಾಜು ಐದೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಂದರೆ ಗಾಜೂ ಬೆಣಚಿಗೆ ಸೋಲುವ ವಸ್ತುವೇ. ಆದರೆ ಬಹುಕಾಲ ಸೆಣಸಿ ಸೋಲುತ್ತದೆ. ಪಾಲಿಕಾರ್ಬೊನೇಟ್ ಈ ಶ್ರೇಣಿಯಲ್ಲಿ ಗಾಜಿಗಿಂತ ಬಹಳ ಕೆಳಗಿನದು. ರಸ್ತೆಯ ಧೂಳಿನಲ್ಲಿರುವ ಬೆಣಚಿನ ಸಣ್ಣ ಕಣವೂ ವೈಪರಿನ ಪ್ರತಿಯೊಂದು ಓಟದಲ್ಲಿ ಅದರ ಮೈಮೇಲೆ ಒಂದೊಂದು ಗೆರೆಯನ್ನು ಬರೆಯಬಲ್ಲದು.

ಗೆರೆಗಳು ಹಗಲಿನಲ್ಲಿ ಅಷ್ಟಾಗಿ ತೋರವು. ಅವುಗಳ ಕೇಡು ತಿಳಿಯುವುದು ಸಂಜೆಯಾದ ಮೇಲೆ. ಎದುರಿನಿಂದ ಬರುವ ವಾಹನದ ದೀಪದ ಬೆಳಕು ನಯವಾದ ಹಾಳೆಯನ್ನು ನೇರವಾಗಿ ದಾಟಿ ಬರುತ್ತದೆ. ಗೀರುಬಿದ್ದ ಹಾಳೆಯಲ್ಲಾದರೋ ಪ್ರತಿಯೊಂದು ಗೀರೂ ಆ ಬೆಳಕನ್ನು ದಿಕ್ಕುದಿಕ್ಕಿಗೆ ಚದರಿಸಿ, ಹಾಳೆಯನ್ನೆಲ್ಲ ಬೆಳ್ಳಗಿನ ಮಬ್ಬೊಂದು ತುಂಬುವಂತೆ ಮಾಡುತ್ತದೆ. ಆ ಮಬ್ಬಿನ ಹಿಂದೆ, ಕಬ್ಬು ಹೇರಿಕೊಂಡು ದೀಪವಿಲ್ಲದೆ ಸಾಗುತ್ತಿರುವ ಎತ್ತಿನ ಗಾಡಿಯಾಗಲಿ, ರಸ್ತೆಯಂಚಿನಲ್ಲಿ ನಡೆದು ಮನೆ ಸೇರುತ್ತಿರುವ ಕೂಲಿಯ ಹೆಂಗಸಾಗಲಿ ಚಾಲಕನಿಗೆ ಕಾಣಿಸುವುದಿಲ್ಲ. ಒಡೆಯದಿರುವುದು ಮುಂಗಾಜಿನ ಎರಡನೆಯ ಗುಣ. ಕಾಣಿಸುವುದು ಅದರ ಮೊದಲನೆಯ ಧರ್ಮ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ಮುಂಗಾಜಿನ ಮೂಲಕ ಶೇಕಡಾ 70ಕ್ಕೆ ಕಡಿಮೆಯಿಲ್ಲದಷ್ಟು ಬೆಳಕು ಹಾಯಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ. ಬಿಸಿಲಿನ ಬಾಧೆಯು ಬೇರೆ: ಸೂರ್ಯನ ನೇರಳಾತೀತ ಕಿರಣಗಳಿಗೆ ಪಾಲಿಕಾರ್ಬೊನೇಟ್ ಹಳದಿಗಟ್ಟುತ್ತದೆ. ಸಾಕ್ಷಿ ಬೇಕೆನ್ನುವವರು ಹಳೆಯ ಕಾರುಗಳ ಮುಂದೀಪಗಳನ್ನು ನೋಡಬಹುದು. ರಕ್ಷಣೆಯ ಲೇಪ ಸವೆದು ಮಂಜಾಗಿ ಹೋದ ಆ ಮುಚ್ಚಳಗಳು ಈ ದ್ರವ್ಯದವೇ.

ಹಗುರವೆಂಬ ಗುಣವೂ ಲೆಕ್ಕಕ್ಕೆ ಇಳಿದಾಗ ಕರಗುತ್ತದೆ. ಗಾಜು ಪಾಲಿಕಾರ್ಬೊನೇಟಿಗಿಂತ ಸುಮಾರು ಮೂವತ್ತು ಪಟ್ಟು ಬಿಗಿಯಾದುದು. ಹಾಳೆಯ ಬಾಗದಿರುವ ಬಲವು ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಗಾಜಿನಷ್ಟೇ ಬಿಗಿ ಬರಬೇಕಾದರೆ ಪ್ಲಾಸ್ಟಿಕ್ ಹಾಳೆಯು ಮೂರು ಪಟ್ಟು ದಪ್ಪವಿರಬೇಕು. ಆಗ ಅದರ ತೂಕ ಗಾಜಿನ ತೂಕದ ಒಂದೂವರೆ ಪಟ್ಟಾಗುತ್ತದೆ. ಈಗಿನ ಕಾರುಗಳಲ್ಲಿ ಮುಂಗಾಜನ್ನು ಚೌಕಟ್ಟಿಗೆ ಅಂಟಿನಿಂದ ಬೆಸೆದು, ಅದರಿಂದ ಕಾರಿನ ಮೈಗೇ ದಾರ್ಢ್ಯವನ್ನು ಪಡೆಯುವುದರಿಂದ, ಈ ಬಿಗಿಯನ್ನು ಬಿಟ್ಟುಕೊಡಲಾಗದು. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಎಂಬ ವಿದ್ಯುತ್ ಕಾರನ್ನು ಇಲ್ಲಿ ನೆನೆಯಬೇಕು: ಬ್ಯಾಟರಿಯ ಭಾರವನ್ನು ಹೊರಬೇಕಾದ ಆ ಪುಟ್ಟ ವಾಹನದ ಹೊರಮೈಯನ್ನೆಲ್ಲ ಪ್ಲಾಸ್ಟಿಕ್ಕಿನ ಫಲಕಗಳಿಂದಲೇ ಮಾಡಿದವರೂ ಮುಂಗಾಜನ್ನು ಗಾಜಿನಿಂದಲೇ ಮಾಡಿದರು.

ಹಾಗೆಂದು ಮುಂಗಾಜಿನಲ್ಲಿ ಪ್ಲಾಸ್ಟಿಕ್ಕಿಗೆ ಎಡೆಯಿಲ್ಲವೆಂದಲ್ಲ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅವರ ಪ್ರಯೋಗಶಾಲೆಯಲ್ಲಿ ಗಾಜಿನ ಕುಪ್ಪಿಯೊಂದು ಕೆಳಗೆ ಬಿದ್ದು ಬಿರಿಯಿತಾದರೂ ಚೂರುಗಳು ಚೆದರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯು ಅವನ್ನು ಹಿಡಿದುಕೊಂಡಿತ್ತು. ಅದರಿಂದ ಹುಟ್ಟಿದ ಪದರಗಾಜೇ ಇಂದು ಎಲ್ಲ ಕಾರುಗಳ ಮುಂದಿರುವುದು: ಎರಡು ತೆಳುಗಾಜುಗಳ ನಡುವೆ, ಹೋಳಿಗೆಯ ಹೂರಣದಂತೆ, ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ಕಿನ ಮೆತ್ತನೆಯ ಹಾಳೆ. ಮರಳನ್ನು ಎದುರಿಸುವ ಕೆಲಸ ಗಾಜಿನದು. ಒಡೆದ ಚೂರುಗಳನ್ನು ಬಿಡದೆ ಹಿಡಿದು, ಮುಂದಕ್ಕೆ ಎಸೆಯಲ್ಪಟ್ಟ ತಲೆಯನ್ನು ತಡೆಯುವ ಕೆಲಸ ಪ್ಲಾಸ್ಟಿಕ್ಕಿನದು. ಧೂಳೂ ವೈಪರೂ ಮುಟ್ಟದ ಒಳಗಿನ ಸ್ಥಾನದಲ್ಲಿ ಅದರ ಮೃದುತ್ವವೇ ಗುಣವಾಗಿದೆ.

ಇದೇ ನ್ಯಾಯವು ಇನ್ನೊಂದೆಡೆ ಇನ್ನೂ ಸೊಗಸಾಗಿ ಫಲಿಸಿದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪರ್ಸ್ಪೆಕ್ಸ್ ಪ್ಲಾಸ್ಟಿಕ್ಕಿನ ಚೂರುಗಳು ಕೆಲವು ವೈಮಾನಿಕರ ಕಣ್ಣೊಳಗೆ ಹೊಕ್ಕು ಉಳಿದರೂ ಉರಿಯೂತವನ್ನು ಉಂಟುಮಾಡದಿದ್ದುದನ್ನು ಇಂಗ್ಲೆಂಡಿನ ನೇತ್ರವೈದ್ಯ ಹ್ಯಾರಲ್ಡ್ ರಿಡ್ಲಿ ಕಂಡುಕೊಂಡರು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಪೊರೆ ಬಂದ ಕಣ್ಣಿನೊಳಗೆ ಅದೇ ಜಾತಿಯ ಪ್ಲಾಸ್ಟಿಕ್ಕಿನ ಮಸೂರವನ್ನು ಮೊತ್ತಮೊದಲು ಇರಿಸಿದರು. ಮಂಡ್ಯದ ಹಳ್ಳಿಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯಾದ ಮುದುಕರ ಕಣ್ಣಿನಲ್ಲಿ ಇಂದು ಇರುವುದೂ ಆ ಮಸೂರದ ಸಂತತಿಯೇ. ಕಣ್ಣೀರೂ ರೆಪ್ಪೆಯೂ ಕಾಯುವ ಆ ಮನೆಯೊಳಗೆ ಬೆಣಚಿನ ಕಣವು ಅದನ್ನು ಮುಟ್ಟಲಾರದು.