ನಿಲ್ಲಬಲ್ಲವನೇ ಓಡಬಲ್ಲ: ಪಂದ್ಯದ ಕಾರಿಗೆ ಬ್ರೇಕ್ ಪ್ಯಾಡಿನ ಆಯ್ಕೆ

ಆಗುಂಬೆಯ ಘಾಟಿಯನ್ನು ಬಸ್ಸಿನಲ್ಲಿ ಇಳಿದವರಿಗೆ ಒಂದು ವಾಸನೆಯ ಪರಿಚಯ ಇದ್ದೇ ಇರುತ್ತದೆ. ತಿರುವಿನ ಮೇಲೆ ತಿರುವನ್ನು ದಾಟಿ ಬಸ್ಸು ಸೋಮೇಶ್ವರದ ಕಡೆಗೆ ಇಳಿಯುವ ಹೊತ್ತಿಗೆ ಗಾಲಿಗಳ ಬಳಿಯಿಂದ ಏನೋ ಸುಟ್ಟಂತಹ ವಾಸನೆ ಮೂಗಿಗೆ ಬಡಿಯುತ್ತದೆ. ಬ್ರೇಕು ಕಾದಿದೆಯೆಂದು ಬಲ್ಲವರು ಹೇಳುತ್ತಾರೆ. ಉಳಿದವರು ಮನೆದೇವರನ್ನು ನೆನೆಯುತ್ತಾರೆ. ಈ ಕಾವಿನ ವಿಚಾರವನ್ನೇ ಇಂದು ನಾವು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಅದಕ್ಕೆ ಕಾರಣವುಂಟು. ಉದ್ಯೋಗದ ನಿಮಿತ್ತ ಚೆನ್ನೈ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ತರುಣ ತರುಣಿಯರಲ್ಲಿ ಕೆಲವರು ಈಚೆಗೆ ಸ್ಪೋರ್ಟ್ಸ್ ಕಾರಿನ ಹವ್ಯಾಸ ಬೆಳೆಸಿಕೊಂಡಿದ್ದಾರೆ. ವಾರವೆಲ್ಲ ಕಚೇರಿಗೆ ಹೋಗಿಬರುವ ಕಾರನ್ನೇ ರಜೆಯ ದಿನ ಪಂದ್ಯದ ಪಥಕ್ಕೆ ಒಯ್ದು, ಹಣ ಕಟ್ಟಿ, ತಮಗೆ ಗೊತ್ತುಮಾಡಿದ ಹೊತ್ತಿನಲ್ಲಿ ಓಡಿಸುತ್ತಾರೆ. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಜನ ಓಡಾಡುವ ಬೀದಿಯಲ್ಲಿ ವೇಗ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮೋಟಾರು ಪಂದ್ಯ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ೧೯೫೩ರಲ್ಲಿ ಹುಟ್ಟಿತು. ಮೊದಲು ಶೋಲಾವರಂನ ಹಳೆಯ ವಿಮಾನದಾರಿಯ ಮೇಲೆ ಪಂದ್ಯಗಳು ನಡೆಯುತ್ತಿದ್ದವು. ೧೯೯೦ರಲ್ಲಿ ಇರುಂಗಾಟ್ಟುಕೋಟೆಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥ ಸಿದ್ಧವಾಯಿತು. ಒಂದು ಸುತ್ತು ೩.೭ ಕಿಲೋಮೀಟರಿರುವ ಈ ಪಥ ಚೆನ್ನೈ ಬೆಂಗಳೂರು ಹೆದ್ದಾರಿಯಲ್ಲಿ, ಶ್ರೀಪೆರುಂಬುದೂರಿನ ಸಮೀಪವಿದೆ. ಚೆನ್ನೈಯ ಕನ್ನಡಿಗರು ಊರಿಗೆ ಹೊರಟಾಗಲೆಲ್ಲ ಅದರ ಬಳಿಯಲ್ಲೇ ಹಾದುಹೋಗುತ್ತಾರೆ. ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಉಂಟು. ದೆಹಲಿಯವರಿಗೆ ಗ್ರೇಟರ್ ನೋಯ್ಡಾದಲ್ಲಿ ೨೦೧೧ರಲ್ಲಿ ತೆರೆದ ಬುದ್ಧ ಪಥ ಉಂಟು.

ಮಗನೋ ಮಗಳೋ ಇಂತಹ ಪಥಕ್ಕೆ ಹೊರಟು ನಿಂತಾಗ ಮನೆಯ ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಎಷ್ಟು ವೇಗ ಹೋಗುತ್ತದಪ್ಪ ನಿನ್ನ ಕಾರು?” ಎಂಬುದು. ಅದರ ಬದಲು “ಬ್ರೇಕಿಗೆ ಯಾವ ಪ್ಯಾಡು ಹಾಕಿಸಿದ್ದೀಯ?” ಎಂದು ಕೇಳುವುದು ಲೇಸು. ಉತ್ತರವನ್ನು ತೂಗಿ ನೋಡಲು ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದೇ ಈ ಲೇಖನದ ಉದ್ದೇಶ.

ಬ್ರೇಕು ಮಾಡುವ ಕೆಲಸ ಸರಳವಾದದ್ದು. ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಗೆ ಡಿಸ್ಕು ಎಂದು ಹೆಸರು. ಪೆಡಲನ್ನು ತುಳಿದಾಗ ಅದರ ಎರಡು ಪಕ್ಕದಿಂದಲೂ ಎರಡು ಹಲ್ಲೆಗಳು ಅದನ್ನು ಅಮುಕಿ ಹಿಡಿಯುತ್ತವೆ. ಆ ಹಲ್ಲೆಗಳೇ ಪ್ಯಾಡುಗಳು. ಉಜ್ಜಾಟದಿಂದ ಕಾರಿನ ಓಟವೆಲ್ಲ ಕಾವಾಗಿ ಮಾರ್ಪಡುತ್ತದೆ. ಆ ಕಾವು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಚಾಲಕನೂ ಸೇರಿ ೧,೨೦೦ ಕಿಲೋ ತೂಗುವ ಕಾರು ಗಂಟೆಗೆ ೧೬೦ ಕಿಲೋಮೀಟರ್ ವೇಗದಿಂದ ೬೦ಕ್ಕೆ ಇಳಿಯಬೇಕಾದರೆ ಸುಮಾರು ೧೦ ಲಕ್ಷ ಜೌಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. ೩೦ ಡಿಗ್ರಿಯಲ್ಲಿರುವ ಮೂರೂವರೆ ಲೀಟರ್ ನೀರನ್ನು ಕುದಿಸಲು ಬೇಕಾಗುವ ಕಾವು ಇಷ್ಟೇ. ಅಡಿಗೆಮನೆಯ ಒಲೆ ಹಲವು ನಿಮಿಷ ಉರಿದು ಮಾಡುವ ಕೆಲಸವನ್ನು ಬ್ರೇಕು ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತದೆ. ಅದೂ ಒಂದು ಸಲವಲ್ಲ. ಪ್ರತಿ ಸುತ್ತಿನಲ್ಲೂ ಹಲವು ತಿರುವುಗಳಲ್ಲಿ ಹೆಚ್ಚುಕಡಿಮೆ ಇದೇ ಕೆಲಸ, ಹದಿನೈದು ಇಪ್ಪತ್ತು ನಿಮಿಷ ಬಿಡುವಿಲ್ಲದೆ.

ಪೇಟೆಯ ಬೀದಿಯಲ್ಲಿ ಗಂಟೆಗೆ ೪೦ ಕಿಲೋಮೀಟರ್ ಹೋಗುತ್ತಿದ್ದ ಅದೇ ಕಾರು ಕೆಂಪು ದೀಪ ಕಂಡು ನಿಂತರೆ ಹುಟ್ಟುವ ಕಾವು ಇದರ ಸುಮಾರು ಹದಿನಾಲ್ಕರಲ್ಲಿ ಒಂದು ಪಾಲು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ವೇಗ ನಾಲ್ಕು ಪಟ್ಟಾದರೆ ಶಕ್ತಿ ಹದಿನಾರು ಪಟ್ಟು. ಬೀದಿಯ ಬ್ರೇಕಿಗೂ ಪಂದ್ಯದ ಬ್ರೇಕಿಗೂ ಇರುವ ಅಂತರವೆಲ್ಲ ಈ ಲೆಕ್ಕದಲ್ಲೇ ಅಡಗಿದೆ.

ಕಾವನ್ನು ತಾಳುವ ವಸ್ತುವಿಗಾಗಿ ನಡೆದ ಹುಡುಕಾಟ ಕಾರಿನಷ್ಟೇ ಹಳೆಯದು. ೧೮೮೮ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬ ಜರ್ಮನ್ ಗೃಹಿಣಿ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಗಾಲಿಯ ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಪೋರ್ಟ್ಸ್‌ಹೈಮಿನ ತವರಿಗೆ ಹೊರಟರು. ದಾರಿಯಲ್ಲಿ ಬ್ರೇಕಿನ ಮರದ ತುಂಡುಗಳು ಸವೆದಾಗ ಆಕೆ ಚಮ್ಮಾರನಿಂದ ಅವಕ್ಕೆ ತೊಗಲು ಹೊಡೆಸಿಕೊಂಡರು. ಪ್ಯಾಡಿನ ವಂಶಾವಳಿ ಇಲ್ಲಿಂದ ಮೊದಲಾಗುತ್ತದೆಯೆಂದರೆ ತಪ್ಪಾಗಲಾರದು. ೧೮೯೭ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಬ್ರೇಕಿನ ಹೊದಿಕೆಗಳನ್ನೇ ತಯಾರಿಸುವ ಉದ್ಯಮ ಆರಂಭಿಸಿದರು. ಫೆರೋಡೊ ಎಂಬ ಹೆಸರು ಅವರದೇ. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದಾಗ ಅದಕ್ಕೆ ಆಸರೆಯಾದದ್ದು ಡಿಸ್ಕ್ ಬ್ರೇಕು. ಇಪ್ಪತ್ತನಾಲ್ಕು ಗಂಟೆಯ ಆ ಪಂದ್ಯದಲ್ಲಿ ಉಳಿದವರಿಗಿಂತ ತಡವಾಗಿ ಬ್ರೇಕು ಹಾಕಿಯೂ ತಿರುವು ಹಿಡಿಯಬಲ್ಲವನು ಮುಂದಾದನು. ನಿಲ್ಲುವ ಬಲವೇ ಓಡುವ ಬಲವೆಂಬುದು ಅಂದು ಲೋಕಕ್ಕೆಲ್ಲ ಮನವರಿಕೆಯಾಯಿತು.

ಇನ್ನು ಆಯ್ಕೆಯ ಮಾತು. ಕಂಪನಿಯಿಂದ ಕಾರಿನೊಡನೆ ಬರುವ ಪ್ಯಾಡು ಬೆಳಗಿನ ಚಳಿಯಲ್ಲೂ ಮೊದಲ ತುಳಿತಕ್ಕೇ ಹಿಡಿಯುತ್ತದೆ, ಕಿರಿಚುವುದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ. ಆದರೆ ಸುಮಾರು ೩೫೦, ೪೦೦ ಡಿಗ್ರಿ ದಾಟಿತೆಂದರೆ ಅದರೊಳಗಿನ ಅಂಟು ಬೇಯತೊಡಗಿ, ಹಿಡಿತ ಸಡಿಲುತ್ತದೆ. ಪಂದ್ಯದ ಪ್ಯಾಡಿನ ಗುಣ ಇದಕ್ಕೆ ತದ್ವಿರುದ್ಧ. ಅದು ೬೦೦ ಡಿಗ್ರಿಯ ಆಸುಪಾಸಿನಲ್ಲೂ ಹಿಡಿತ ಬಿಡದು. ಆದರೆ ತಣ್ಣಗಿರುವಾಗ ಮೊಂಡು. ಇವೆರಡರ ನಡುವೆ ಬೀದಿಗೂ ಪಥಕ್ಕೂ ಆಗಲೆಂದು ಮಾಡಿದ ಮಧ್ಯಮ ವರ್ಗವೊಂದುಂಟು. ಫೆರೋಡೊದವರ ಡಿಎಸ್ ೨೫೦೦ ಈ ವರ್ಗದಲ್ಲಿ ಹೆಸರಾದದ್ದು. ಪಾಗಿಡ್‌ನವರ ಆರ್‌ಎಸ್ ೨೯ ದೀರ್ಘ ಪಂದ್ಯಗಳಿಗೆ ಹೆಸರಾದದ್ದು. ಎಲ್ಲ ಕಾವಿನಲ್ಲೂ ಒಂದೇ ಸಮನಾಗಿ ದುಡಿಯುವ ಪ್ಯಾಡು ಯಾವ ಅಂಗಡಿಯಲ್ಲೂ ಇಲ್ಲ. ಆದುದರಿಂದ “ಎಲ್ಲಕ್ಕಿಂತ ಒಳ್ಳೆಯದು ಕೊಡಿ” ಎಂದು ಕೇಳುವುದರಲ್ಲಿ ಅರ್ಥವಿಲ್ಲ, “ನನ್ನ ಕೆಲಸಕ್ಕೆ ಎಷ್ಟು ಕಾವು?” ಎಂಬುದು ಕೇಳತಕ್ಕ ಪ್ರಶ್ನೆ.

ಕೆಲಸಗಳಲ್ಲಿಯೂ ಭೇದವುಂಟು. ಬಯಲಿನಲ್ಲಿ ಕಂಬಗಳನ್ನು ನೆಟ್ಟು ಒಂದೆರಡು ನಿಮಿಷ ಓಡಿಸುವ ಆಟೋಕ್ರಾಸಿನಲ್ಲಿ ಬ್ರೇಕು ಕಾಯಲು ಸಮಯವೇ ಇರುವುದಿಲ್ಲ. ಅಲ್ಲಿ ಪಂದ್ಯದ ಪ್ಯಾಡು ಹಾಕಿದವನು ಹಣ ಕೊಟ್ಟು ಹಿಡಿತ ಕಳೆದುಕೊಂಡಂತೆ. ಒಳ್ಳೆಯ ಸ್ಥಿತಿಯಲ್ಲಿರುವ ಕಂಪನಿ ಪ್ಯಾಡೇ ಸಾಕು. ಬೆಟ್ಟ ಹತ್ತುವ ಪಂದ್ಯದಲ್ಲಿ ಏರೇ ಕಾರನ್ನು ತಡೆಯಲು ನೆರವಾಗುವುದರಿಂದ ಮಧ್ಯಮ ಪ್ಯಾಡು ಸರಿ. ಟ್ರ್ಯಾಕ್ ಡೇಗೆ ಹೊಸದಾಗಿ ಹೋಗುವವರಿಗೂ ಮಧ್ಯಮ ಪ್ಯಾಡೇ ಯೋಗ್ಯ. ಅನುಭವ ಬಲಿತು, ವೇಗ ಹೆಚ್ಚಿ, ಆ ಪ್ಯಾಡಿಗೂ ಕಾವು ಮೀರುತ್ತಿದೆಯೆಂದು ಕಂಡುಬಂದ ಮೇಲೆಯೇ ಪಂದ್ಯದ ಪ್ಯಾಡಿನ ವಿಚಾರ.

ಇಲ್ಲಿ ನಾವು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಥದಲ್ಲಿ ಓಡುವವರೆಲ್ಲ ಒಂದೇ ದಿಕ್ಕಿಗೆ ಓಡುತ್ತಾರೆ. ತಲೆಗೆ ಹೆಲ್ಮೆಟ್ಟು, ಅಂಚಿನಲ್ಲಿ ಕಾವಲು, ಬಾಗಿಲಲ್ಲಿ ಆಂಬುಲೆನ್ಸು. ಪಥದಿಂದ ಮನೆಗೆ ಬರುವ ದಾರಿಯಲ್ಲಿ ಇವಾವುವೂ ಇಲ್ಲ. ಅಲ್ಲಿ ಲಾರಿಗಳುಂಟು, ಅಡ್ಡ ಬರುವ ದನಗಳುಂಟು, ಶಾಲೆಯ ಮಕ್ಕಳುಂಟು. ಪಂದ್ಯದ ಪ್ಯಾಡನ್ನು ತೆಗೆಯದೆ ಮರುದಿನ ಬೆಳಗ್ಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟವನು ಮೊದಲ ಕೆಂಪು ದೀಪದಲ್ಲಿ ತುಳಿದರೆ, ತಣ್ಣಗಿರುವ ಆ ಪ್ಯಾಡು ಒಡನೆಯೇ ಹಿಡಿಯದೆ ಹೋಗಬಹುದು. ಕೆಲವೇ ಅಡಿಗಳ ವ್ಯತ್ಯಾಸ. ಆದರೆ ಆ ಕೆಲವು ಅಡಿಗಳಲ್ಲೇ ಒಂದು ಜೀವ ದಾಟುತ್ತಿರಬಹುದು. ಆದುದರಿಂದ ಪಂದ್ಯದ ಪ್ಯಾಡು ಬೇಕೆನ್ನುವವರು ಎರಡು ಜೊತೆ ಇಟ್ಟುಕೊಂಡು, ಪಥಕ್ಕೆ ಒಂದನ್ನೂ ಬೀದಿಗೆ ಒಂದನ್ನೂ ಬದಲಾಯಿಸಿಕೊಳ್ಳತಕ್ಕದ್ದು. ಅಷ್ಟು ಶ್ರಮ ಬೇಡವೆನ್ನುವವರು ಮಧ್ಯಮ ಪ್ಯಾಡಿನಲ್ಲೇ ತೃಪ್ತರಾಗಿ, ವೇಗವನ್ನು ಅದಕ್ಕೆ ಹೊಂದಿಸಿಕೊಳ್ಳತಕ್ಕದ್ದು.

ಪ್ಯಾಡಿನಷ್ಟೇ ಮುಖ್ಯವಾದದ್ದು ಬ್ರೇಕ್ ಆಯಿಲ್. ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ ೪ ದರ್ಜೆಯ ಹೊಸ ಆಯಿಲ್ ೨೩೦ ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಈ ಮಿತಿ ೧೫೫ಕ್ಕೆ ಇಳಿಯುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ಊರುಗಳಲ್ಲಿ ಇದನ್ನು ಮರೆಯಲಾಗದು. ಪ್ಯಾಡು ಎಷ್ಟೇ ಬೆಲೆಯುಳ್ಳದ್ದಾದರೂ ಹಳೆಯ ಆಯಿಲ್ ಕುದಿದರೆ ಪ್ರಯೋಜನವಿಲ್ಲ. ಪಥಕ್ಕೆ ಹೋಗುವ ಮುನ್ನ ಹೊಸ ಆಯಿಲ್ ತುಂಬಿಸುವುದು ಮೊದಲ ಖರ್ಚಾಗಲಿ.

ಬ್ರೇಕು ಸೋಲುವಾಗ ಯಾವುದು ಸೋತಿತೆಂಬುದನ್ನು ಕಾಲೇ ಹೇಳುತ್ತದೆ. ಪೆಡಲು ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಕಾದು ಸೋತದ್ದು ಪ್ಯಾಡು. ಪೆಡಲು ಮೆತ್ತಗಾಗಿ ನೆಲಕ್ಕೆ ಇಳಿದರೆ ಕುದಿದದ್ದು ಆಯಿಲ್. ಅದರಲ್ಲಿ ಆವಿಯ ಗುಳ್ಳೆಗಳೆದ್ದಿವೆ. ಎರಡರಲ್ಲಿ ಯಾವ ಸೂಚನೆ ಕಂಡರೂ ವೇಗ ತಗ್ಗಿಸಿ, ಒಂದು ಸುತ್ತು ನಿಧಾನವಾಗಿ ಓಡಿಸಿ ತಣಿಸಿಕೊಂಡು ಹೊರಗೆ ಬರುವುದೇ ಜಾಣತನ. ನಿಲ್ಲಿಸಿದ ಮೇಲೆ ಕೈ ಬ್ರೇಕನ್ನು ಎಳೆಯದೆ, ಕಾರನ್ನು ಗೇರಿನಲ್ಲಿಟ್ಟು ಗಾಲಿಗೆ ಅಡ್ಡ ಕೊಡಬೇಕು. ಕಾದ ಡಿಸ್ಕನ್ನು ಪ್ಯಾಡು ಒಂದೇ ಕಡೆ ಅಮುಕಿ ನಿಂತರೆ ಅದರ ಗುರುತು ಉಳಿದು, ಮುಂದೆ ತುಳಿದಾಗಲೆಲ್ಲ ಪೆಡಲು ನಡುಗುತ್ತದೆ.

ಇನ್ನೆರಡು ಎಚ್ಚರಿಕೆಗಳು. ತುಳಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೆ ಕೆಲಸ ಹೆಚ್ಚು. ಹಿಂದಿನ ಗಾಲಿಗೆ ಮುಂದಿನದಕ್ಕಿಂತ ಚುರುಕಾದ ಪ್ಯಾಡು ಹಾಕಿದರೆ ಕಾರಿನ ಹಿಂಬದಿ ಜಾರಿ ಗಿರಕಿ ಹೊಡೆಯುವ ಅಪಾಯವಿದೆ. ಎರಡೂ ಒಂದಕ್ಕೊಂದು ಹೊಂದುವಂತಿರಬೇಕು. ಹೊಸ ಪ್ಯಾಡನ್ನು ಮೊದಲು ಪಳಗಿಸಬೇಕು. ಖಾಲಿ ಪಥದಲ್ಲಿ ತಯಾರಕರು ಹೇಳಿದಷ್ಟು ಸಲ ವೇಗದಿಂದ ಇಳಿಸಿ, ಪೂರ್ತಿ ನಿಲ್ಲಿಸದೆ, ಅನಂತರ ತಣಿಯಲು ಬಿಡಬೇಕು. ಪಳಗದ ಪ್ಯಾಡು ಮೊದಲ ಕಾವಿಗೇ ಕೈಕೊಡುವುದುಂಟು. ಹಿಂದೆ ಪ್ಯಾಡುಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದು ಬಹಳ ದೇಶಗಳು ಅದನ್ನು ಕೈಬಿಟ್ಟವು. ಇಂದಿನ ಪ್ಯಾಡಿನ ಧೂಳನ್ನೂ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು ಕ್ಷೇಮ.

ಪಂದ್ಯದ ಪ್ಯಾಡಿಗೆ ಕಂಪನಿ ಪ್ಯಾಡಿನ ಹಲವು ಪಟ್ಟು ಬೆಲೆ. ಡಿಸ್ಕೂ ಬೇಗ ಸವೆಯುತ್ತದೆ. ವಾಹನದ ಸಾಮಾನ್ಯ ವಿಮೆ ಪಂದ್ಯದಲ್ಲಾದ ನಷ್ಟವನ್ನು ತುಂಬಿಕೊಡುವುದಿಲ್ಲವೆಂಬುದನ್ನೂ ನೆನಪಿಡಬೇಕು. ಹಣ ಮಿತವಾಗಿರುವ ಮನೆಯಲ್ಲಿ ಮೊದಲು ಆಯಿಲ್, ಆಮೇಲೆ ಪ್ಯಾಡು, ಅದರ ಹಿಂದೆ ಒಳ್ಳೆಯ ಟಯರು; ಎಂಜಿನ್ನಿನ ಬಲ ಹೆಚ್ಚಿಸುವ ಆಸೆ ಎಲ್ಲಕ್ಕಿಂತ ಕೊನೆಗೆ. ಆದರೆ ಹಲವರು ಈ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ. ಎಂಜಿನ್ನಿನ ಸದ್ದು ನಾಲ್ಕು ಜನಕ್ಕೆ ಕೇಳುತ್ತದೆ; ಬ್ರೇಕಿನ ಗುಣ ಚಾಲಕನ ಕಾಲಿಗೆ ಮಾತ್ರ ತಿಳಿಯುತ್ತದೆ.

ನಮ್ಮ ಮಕ್ಕಳು ಉತ್ಸಾಹದಿಂದ ಓಡಲಿ, ಗೆಲ್ಲಲಿ; ನಾವು ಬೇಡವೆನ್ನುವುದಿಲ್ಲ. ಹೊರಡುವ ಮುನ್ನ ಹಿರಿಯರೊಬ್ಬರು ಹತ್ತಿರ ಕೂತು ಪ್ಯಾಡು ಯಾವುದು, ಎಷ್ಟು ಉಳಿದಿದೆ, ಆಯಿಲ್ ಯಾವಾಗ ಬದಲಾಯಿಸಿದ್ದು, ಮರಳುವಾಗ ಯಾವ ಪ್ಯಾಡಿನಲ್ಲಿ ಬರುವೆ ಎಂಬ ನಾಲ್ಕು ಪ್ರಶ್ನೆ ಕೇಳಲಿ. ನಾಲ್ಕಕ್ಕೂ ತಡವರಿಸದೆ ಉತ್ತರ ಕೊಟ್ಟವರ ಕೈಗೆ ಕಾರಿನ ಕೀಲಿಯನ್ನು ನಿಶ್ಚಿಂತೆಯಿಂದ ಕೊಡಬಹುದು.