ಕೀಲಿಮಣೆಯಲ್ಲೇ ಇದೆ ಮೊದಲ ಪಾಠ

ಸಕಲೇಶಪುರ, ಆಲೂರು ಭಾಗದ ಗುಡ್ಡಗಾಡಿನ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಒಂದು ಅಳುಕು ಕಾಡುವುದುಂಟು. ತಂತ್ರಾಂಶ ರಚನೆ ಇಂಗ್ಲಿಷ್ ಬಲ್ಲ ನಗರದವರ ವಿದ್ಯೆ, ಅದು ನಮಗೆ ಒಲಿಯುವಂಥದ್ದಲ್ಲ ಎಂಬುದೇ ಆ ಅಳುಕು. ಕನ್ನಡ ಬೆರಳಚ್ಚಿನ ಕೀಲಿಮಣೆಯನ್ನು ರೂಪಿಸಿದವರ ಬದುಕನ್ನು ನೋಡಿದರೆ ಈ ಅಳುಕು ನಿರಾಧಾರವೆಂಬುದು ಮನದಟ್ಟಾಗುತ್ತದೆ.

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ ಜಿಲ್ಲೆ. ಅಲ್ಲಿನ ಕಿನ್ನಿಕಂಬಳ ಎಂಬ ಹಳ್ಳಿಯಲ್ಲಿ 1940ರಲ್ಲಿ ಜನಿಸಿದವರು ಕೆ.ಪಿ. ರಾವ್. ಅವರು ಬಾಲ್ಯದಲ್ಲಿ ಗಣಕವನ್ನು ಕಂಡವರಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಆ ಬಳಿಕ ಮುದ್ರಣ ಕ್ಷೇತ್ರ, ಮಣಿಪಾಲದಲ್ಲಿ ಅಧ್ಯಾಪನ, ಹೀಗೆ ಸಾಗಿತು ಅವರ ವೃತ್ತಿಜೀವನ. ಆದರೆ ಎಲ್ಲೆಡೆಯೂ ಅವರ ಬೆನ್ನುಹತ್ತಿದ್ದು ಲಿಪಿಯ ಕುತೂಹಲ. ಇಂಗ್ಲಿಷಿನ 26 ಕೀಲಿಗಳಲ್ಲಿ ಕನ್ನಡದ ಅಷ್ಟೂ ಅಕ್ಷರಗಳನ್ನು, ಗುಣಿತ ಹಾಗೂ ಒತ್ತಕ್ಷರಗಳನ್ನು ಅಡಗಿಸುವುದು ಹೇಗೆ? ಈ ಪ್ರಶ್ನೆಯೇ ಅವರನ್ನು ತಂತ್ರಾಂಶ ರಚನೆಯತ್ತ ಒಯ್ದಿತು.

ಅವರು ಕಂಡುಕೊಂಡ ಉತ್ತರ ಸರಳ. ಕಾಗುಣಿತದ ಪ್ರತಿಯೊಂದು ರೂಪಕ್ಕೂ ಬೇರೆ ಕೀಲಿ ಬೇಕಿಲ್ಲ. ಕಾಗುಣಿತದ ನಿಯಮವನ್ನು ಯಂತ್ರಕ್ಕೆ ಕಲಿಸಿದರೆ ಸಾಕು. ವ್ಯಂಜನದ ನಂತರ ಸ್ವರದ ಕೀಲಿ ಒತ್ತಿದರೆ ಗುಣಿತ ಚಿಹ್ನೆ ಮೂಡಬೇಕು. ಪದದ ಆರಂಭದಲ್ಲಿ ಒತ್ತಿದರೆ ಪೂರ್ಣ ಸ್ವರ ಮೂಡಬೇಕು. ಎಫ್ ಕೀಲಿ ಒತ್ತಕ್ಷರದ ಕೊಂಡಿ. ‘ಹಾಸನ’ ಎಂದು ಬರೆಯಲು ಎಚ್, ಶಿಫ್ಟ್ ಸಹಿತ ಎ, ಎಸ್, ಎನ್ ಎಂಬ ನಾಲ್ಕೇ ಅಕ್ಷರಗಳು ಸಾಕು. ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬ ಈ ತರ್ಕವೇ ಯಾವುದೇ ತಂತ್ರಾಂಶದ ಬುನಾದಿ. ಕಾಗುಣಿತ ಕಲಿತ ಮಗುವಿಗೆ ಅದು ಆಗಲೇ ತಿಳಿದಿದೆ!

ಈ ವಿನ್ಯಾಸದಿಂದ ರಾವ್ ಹಣ ಮಾಡಲಿಲ್ಲ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ಮುಕ್ತವಾಗಿ ಹಂಚಿದರು. ಅವರ ವಿನ್ಯಾಸವೇ ಮುಂದೆ ಸರ್ಕಾರದ ಮಾನ್ಯತೆ ಪಡೆದು ‘ನುಡಿ’ ತಂತ್ರಾಂಶದಲ್ಲಿ ನೆಲೆಗೊಂಡಿತು. ಹಂಪಿ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು.

ಅಂತರಜಾಲದಲ್ಲಿ ಕನ್ನಡ ಎದುರಿಸಿದ ತೊಡಕು ಬೇರೆಯದು. ಮೊದಮೊದಲು ಒಂದೊಂದು ತಾಣಕ್ಕೂ ಒಂದೊಂದು ಅಕ್ಷರಶೈಲಿ ಬೇಕಿತ್ತು. ಅದಿಲ್ಲದ ಗಣಕದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಯೂನಿಕೋಡ್ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆಯನ್ನು ಗೊತ್ತುಪಡಿಸಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಯೂನಿಕೋಡ್ ಬಳಕೆಗೆ ಬಂದ ಮೇಲೆಯೇ ಕನ್ನಡದ ಪುಟಗಳು ಎಲ್ಲ ಗಣಕಗಳಲ್ಲೂ ಓದಲು, ಹುಡುಕಲು ದೊರೆಯುವಂತಾದವು.

ಸಕಲೇಶಪುರದ ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರೂ ಕಾಫಿ ತೋಟದ ಒಡನಾಟದ ನಡುವೆಯೇ ಕನ್ನಡ ತಂತ್ರಾಂಶಕ್ಕಾಗಿ ದುಡಿದರು. 2007ರಲ್ಲಿ ತೀರಿಕೊಳ್ಳುವ ಮುನ್ನ ಹಂಪಿ ವಿಶ್ವವಿದ್ಯಾಲಯದೊಡನೆ ‘ಕುವೆಂಪು’ ತಂತ್ರಾಂಶದ ಕೆಲಸದಲ್ಲಿ ತೊಡಗಿಕೊಂಡಿದ್ದರು.

ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ತಂತ್ರಾಂಶ ಭಾಷೆಗಳ ಆದೇಶಗಳು ಬಹುತೇಕ ಇಂಗ್ಲಿಷಿನವೇ. ಹೆಚ್ಚಿನ ಕಲಿಕೆಗೆ ಆ ಭಾಷೆಯ ಓದೂ ಅಗತ್ಯ. ಆದರೆ ಆದೇಶಗಳು ಕೆಲವೇ, ಅವನ್ನು ರೂಢಿಸಿಕೊಳ್ಳಬಹುದು. ಬಿಡಿಸಬೇಕೆನಿಸುವ ಪ್ರಶ್ನೆ ಮಾತ್ರ ಕಲಿಯುವವನಲ್ಲೇ ಹುಟ್ಟಬೇಕು. ಏಲಕ್ಕಿ ತೂಕದ ಲೆಕ್ಕ, ತೋಟದ ಮಳೆಯ ದಾಖಲೆ, ಊರಿನ ಹೆಸರುಗಳ ಅಕಾರಾದಿ ಪಟ್ಟಿ, ಇವುಗಳಲ್ಲಿ ಯಾವುದರಿಂದಲಾದರೂ ಆರಂಭಿಸಬಹುದು. ಕೆ.ಪಿ. ರಾವ್ ಅವರ ಹಾದಿ ಆರಂಭವಾದದ್ದೂ ತಾವು ಚೆನ್ನಾಗಿ ಬಲ್ಲ ಅಕ್ಷರಗಳಿಂದಲೇ.