ಹೈಡ್ರೋಜನ್ ಎಲ್ಲೆಡೆಯೂ ಜೋಡಿಯಾಗಿರುತ್ತದೆಯೇ?

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ‘ಪರಮಾಣುಗಳು ಮತ್ತು ಅಣುಗಳು’ ಪಾಠ ಮಾಡುತ್ತಿದ್ದೆ. ಹೈಡ್ರೋಜನ್ ಅನಿಲದಲ್ಲಿ ಎರಡೆರಡು ಪರಮಾಣುಗಳು ಸೇರಿ ಅಣುವಾಗಿರುತ್ತವೆ ಎಂದಾಗ ಒಬ್ಬ ಹುಡುಗಿ, “ಆಕಾಶದಲ್ಲೂ ಹಾಗೇನಾ ಮಿಸ್?” ಎಂದು ಕೇಳಿದಳು. “ಹೌದು” ಎಂದುಬಿಟ್ಟೆ. ಮನೆಯಲ್ಲಿ ಓದಿ ನೋಡಿದಾಗ ಉತ್ತರ ತಪ್ಪೆಂದು ತಿಳಿಯಿತು. ಮರುದಿನ ತಿದ್ದಿ ಹೇಳಿದ ವಿಷಯ ಇದು.

ನಕ್ಷತ್ರಗಳ ನಡುವೆ ಅನಿಲ ಮತ್ತು ಧೂಳಿನ ಮೋಡಗಳಿವೆ. ಅವುಗಳಲ್ಲಿ ಅತಿ ಹೆಚ್ಚಾಗಿರುವುದು ಹೈಡ್ರೋಜನ್. ವಿರಳವಾದ ಮೋಡದ ಒಂದು ಘನ ಸೆಂಟಿಮೀಟರಿನಲ್ಲಿ ಕೆಲವು ಹತ್ತು ಪರಮಾಣುಗಳಷ್ಟೇ ಇರುತ್ತವೆ. ಉಷ್ಣತೆ ಸುಮಾರು 100 ಕೆಲ್ವಿನ್. ನಕ್ಷತ್ರಗಳ ನೇರಳಾತೀತ ಕಿರಣಗಳು ಸುಲಭವಾಗಿ ಒಳನುಗ್ಗಿ ಅಣುಗಳನ್ನು ಒಡೆಯುವುದರಿಂದ ಇಲ್ಲಿ ಹೈಡ್ರೋಜನ್ ಬಹುಪಾಲು ಒಂಟಿ ಪರಮಾಣುವಾಗಿರುತ್ತದೆ. ಈ ಪರಮಾಣುಗಳು ಹೊರಸೂಸುವ 21 ಸೆಂಟಿಮೀಟರ್ ರೇಡಿಯೋ ಅಲೆಗಳನ್ನು 1951ರಲ್ಲಿ ಯೂಯೆನ್ ಮತ್ತು ಪರ್ಸೆಲ್ ಮೊದಲ ಬಾರಿಗೆ ಗುರುತಿಸಿದರು.

ಮೋಡ ಸಂಕುಚಿಸಿ ದಟ್ಟವಾದಂತೆ ಪರಮಾಣುಗಳು ಅಣುಗಳಾಗುತ್ತವೆ. ಆದರೆ ಎರಡು ಪರಮಾಣುಗಳು ಸುಮ್ಮನೆ ಡಿಕ್ಕಿ ಹೊಡೆದರೆ ಸಾಲದು. ಬಂಧ ಏರ್ಪಡುವಾಗ ಬಿಡುಗಡೆಯಾಗುವ ಶಕ್ತಿಯನ್ನು ಯಾರಾದರೂ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅದೇ ಶಕ್ತಿಯಿಂದ ಅವು ಮತ್ತೆ ಬೇರೆಯಾಗುತ್ತವೆ. ಬಾಹ್ಯಾಕಾಶದಲ್ಲಿ ಈ ಕೆಲಸ ಮಾಡುವುದು ಧೂಳಿನ ಕಣ. ಅದರ ಮೇಲ್ಮೈಗೆ ಅಂಟಿಕೊಂಡ ಪರಮಾಣುಗಳು ಒಂದನ್ನೊಂದು ಸಂಧಿಸಿ ಅಣುವಾಗುತ್ತವೆ, ಶಕ್ತಿಯ ಒಂದು ಪಾಲನ್ನು ಕಣ ಹೀರಿಕೊಳ್ಳುತ್ತದೆ, ಅಣು ಹಾರಿಹೋಗುತ್ತದೆ.

ಇದನ್ನು ತೋರಿಸಲು ಎರಡು ಗೋಲಿಗಳನ್ನು ಮೇಜಿನ ಮೇಲೆ ಎದುರುಬದುರಾಗಿ ಉರುಳಿಸಿದೆ. ಡಿಕ್ಕಿ ಹೊಡೆದು ಹಿಂದಕ್ಕೆ ಸರಿದವು. ನಡುವೆ ಒದ್ದೆ ಜೇಡಿಮಣ್ಣಿನ ಮುದ್ದೆ ಇಟ್ಟಾಗ ಎರಡೂ ಅದರಲ್ಲಿ ನಿಂತವು. ಮಣ್ಣು ಡಿಕ್ಕಿಯ ಶಕ್ತಿಯನ್ನು ಹೀರಿತು ಎಂದು ಮಕ್ಕಳೇ ಹೇಳಿದರು. ಆದರೆ ಗೋಲಿಗಳು ಮಣ್ಣಿನಲ್ಲೇ ಉಳಿಯುತ್ತವೆ, ಅಣು ಹಾಗೆ ಉಳಿಯುವುದಿಲ್ಲ ಎಂಬುದನ್ನು ನಾವು ತಪ್ಪದೆ ತಿಳಿಸಬೇಕು.

ದಟ್ಟ ಮೋಡದಲ್ಲಿ ಧೂಳು ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಹೊರಪದರದ ಅಣುಗಳೂ ಆ ಕಿರಣಗಳನ್ನು ಹೀರಿ ಒಳಗಿನ ಅಣುಗಳನ್ನು ಕಾಪಾಡುತ್ತವೆ. ಒಳಭಾಗದ ಉಷ್ಣತೆ 10ರಿಂದ 20 ಕೆಲ್ವಿನ್‌ಗೆ ಇಳಿಯುತ್ತದೆ. ಇಷ್ಟು ತಣ್ಣಗಿರುವ ಹೈಡ್ರೋಜನ್ ಅಣು ಹೆಚ್ಚುಕಡಿಮೆ ಏನನ್ನೂ ಹೊರಸೂಸುವುದಿಲ್ಲ. ಹಾಗಾಗಿ ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್‌ನ 2.6 ಮಿಲಿಮೀಟರ್ ಅಲೆಗಳಿಂದ ಇಂಥ ಮೋಡಗಳನ್ನು ಗುರುತಿಸುತ್ತಾರೆ.

ಇಂಥ ಮೋಡಗಳು ಕುಸಿದು ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ಭಾರೀ, ಬಿಸಿ ನಕ್ಷತ್ರಗಳಿದ್ದರೆ ಮೂರನೇ ರೂಪ ಕಾಣುತ್ತದೆ. ಅವುಗಳ ಪ್ರಬಲ ಕಿರಣಗಳು ಅಣುಗಳನ್ನು ಪರಮಾಣುಗಳಾಗಿ ಒಡೆದು, 13.6 ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿಯಿದ್ದಲ್ಲಿ ಪರಮಾಣುವಿನಿಂದ ಎಲೆಕ್ಟ್ರಾನನ್ನೂ ಕಿತ್ತು ಅಯಾನಾಗಿಸುತ್ತವೆ. ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ ಇದಕ್ಕೆ ಉದಾಹರಣೆ. ಅದರ ಚಿತ್ರಗಳಲ್ಲಿ ಕಾಣುವ ಕೆಂಪು, ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳೊಂದಿಗೆ ಮತ್ತೆ ಸೇರಿ ಕೆಳಗಿನ ಶಕ್ತಿಮಟ್ಟಗಳಿಗೆ ಇಳಿಯುವಾಗ ಹೊರಬರುವ 656.3 ನ್ಯಾನೋಮೀಟರ್ ಬೆಳಕು. ಆ ನಕ್ಷತ್ರಗಳು ಆರಿದ ಮೇಲೆ ಅನಿಲ ತಣಿದು ಮತ್ತೆ ಪರಮಾಣು ರೂಪಕ್ಕೆ ಮರಳುತ್ತದೆ.

ನನ್ನ ಪಾಠಯೋಜನೆಯಲ್ಲಿ ‘ಹೈಡ್ರೋಜನ್ ದ್ವಿಪರಮಾಣು ಅಣುವಾಗಿರುತ್ತದೆ’ ಎಂಬ ವಾಕ್ಯದ ಮೊದಲು ಈಗ ‘ಭೂಮಿಯ ಮೇಲಿನ ಸಾಮಾನ್ಯ ಸ್ಥಿತಿಯಲ್ಲಿ’ ಎಂದು ಸೇರಿಸಿದ್ದೇನೆ.